ಅರಿಸಿನವೂ ರೋಗಾಣುವೂ: ಒಂದು ಚಾರಿತ್ರಿಕ ಸಮೀಕ್ಷೆ

ಅರಿಸಿನವಿಲ್ಲದ ಅಡಿಗೆಮನೆಯನ್ನು ಕನ್ನಡ ನಾಡಿನಲ್ಲಾಗಲಿ, ಅದರ ಎಲ್ಲೆಯಾಚೆ ತಲೆತಲಾಂತರದಿಂದ ನೆಲಸಿರುವ ನಮ್ಮಂಥವರ ಊರುಗಳಲ್ಲಾಗಲಿ ಕಾಣುವುದು ಕಷ್ಟ. ಕೂಸು ಹುಟ್ಟಿದ ಮನೆಯಲ್ಲಿ ಬಾಣಂತಿಯ ಮೈಗೆ ಅರಿಸಿನ, ಮದುವೆಯ ಮನೆಯಲ್ಲಿ ಮದುಮಕ್ಕಳಿಗೆ ಅರಿಸಿನ ಎಣ್ಣೆ, ಹಬ್ಬದ ದಿನ ಹೊಸ್ತಿಲಿಗೆ ಅರಿಸಿನ, ಹೊಸ ಬಟ್ಟೆಯನ್ನು ಉಡುವ ಮೊದಲು ಅದರ ಅಂಚಿಗೆ ಒಂದು ಚಿಟಿಕೆ ಅರಿಸಿನ, ಮನೆಗೆ ಬಂದ ಮುತ್ತೈದೆಗೆ ಅರಿಸಿನ ಕುಂಕುಮ. ಹೊಲದಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡವನು ಮನೆಗೆ ಬಂದರೆ ತಾಯಿಯ ಕೈ ಮೊದಲು ಹೋಗುವುದು ಅರಿಸಿನದ ಡಬ್ಬಿಗೆ. ಶುಭಕ್ಕೂ ಅದೇ, ಗಾಯಕ್ಕೂ ಅದೇ. ಒಂದೇ ಪದಾರ್ಥ ಮಂಗಳದ್ರವ್ಯವೂ ಔಷಧದ್ರವ್ಯವೂ ಆದುದು ಹೇಗೆ? ಇದರಲ್ಲಿ ನಂಬಿಕೆಯ ಪಾಲೆಷ್ಟು, ಅನುಭವದ ಪಾಲೆಷ್ಟು, ಶಾಸ್ತ್ರಸಿದ್ಧವಾದ ಸತ್ಯದ ಪಾಲೆಷ್ಟು? ಈ ಪ್ರಶ್ನೆಗಳಿಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕುವುದೇ ಈ ಲೇಖನದ ಉದ್ದೇಶ.

ನಾವು ಕನ್ನಡ ಪಾಠ ಹೇಳುವವರು. ರಸಾಯನಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ನಮ್ಮ ತಾಳವಾಡಿ ಸೀಮೆಯಲ್ಲಿ ಅರಿಸಿನವನ್ನು ಕುರಿತು ಬರೆಯುವುದಕ್ಕೆ ಯಾರಿಗೂ ವಿಶೇಷ ಅಧಿಕಾರ ಬೇಕಾಗಿಲ್ಲವೆಂದು ತೋರುತ್ತದೆ. ನಮ್ಮ ರೈತರು ಬೆಳೆದ ಅರಿಸಿನ ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟವನ್ನಿಳಿದು, ಸತ್ಯಮಂಗಲವನ್ನು ದಾಟಿ, ಈರೋಡಿನ ಮಂಡಿಗೆ ಹೋಗುತ್ತದೆ. ನೆರೆಯ ಚಾಮರಾಜನಗರದ ಸೀಮೆಯ ಅರಿಸಿನವೂ ಅಲ್ಲಿಗೇ ಬಂದು ಸೇರುತ್ತದೆ. ನಾವು ಅರಿಸಿನ ಎನ್ನುವುದನ್ನು ಮಂಡಿಯವರು ಮಂಜಳ್ ಎನ್ನುತ್ತಾರೆ. ನಮ್ಮ ಕೊಂಬು ಅವರ ವಿರಲಿ. ಹೆಸರು ಎರಡಾದರೂ ಬಣ್ಣ ಒಂದೇ. ಆ ಬಣ್ಣದೊಳಗೆ ಏನಿದೆಯೆಂಬುದನ್ನು ಅರಿಯುವ ಹಂಬಲ ಬೆಳೆಯುವವನಿಗೂ ಬಳಸುವವನಿಗೂ ಸಹಜವಾದುದು.

ಪ್ರಾಚೀನರ ಕಾಣ್ಕೆ

ಅರಿಸಿನಕ್ಕೆ ಸಂಸ್ಕೃತದಲ್ಲಿ ಹರಿದ್ರಾ ಎಂಬುದು ಪ್ರಸಿದ್ಧವಾದ ಹೆಸರು. ಕಾಂಚನೀ, ಪೀತಾ, ಗೌರೀ, ವರವರ್ಣಿನೀ ಎಂಬ ಹೆಸರುಗಳು ಅದರ ಬಣ್ಣವನ್ನೂ, ಅದು ಮೈಗೆ ಕೊಡುವ ಕಾಂತಿಯನ್ನೂ ಹೇಳುತ್ತವೆ. ಇವಲ್ಲದೆ ನಿಶಾ, ರಜನೀ ಎಂಬ ವಿಚಿತ್ರವಾದ ಹೆಸರುಗಳೂ ಉಂಟು. ರಾತ್ರಿಗೆ ಯಾವ ಯಾವ ಹೆಸರುಗಳಿವೆಯೋ ಅವೆಲ್ಲ ಅರಿಸಿನಕ್ಕೂ ಸಲ್ಲುತ್ತವೆಂಬ ಅಭಿಪ್ರಾಯ ಅಮರಕೋಶದಲ್ಲಿ ಸೂಚಿತವಾಗಿದೆ. ಅಥರ್ವವೇದದ ಒಂದು ಸೂಕ್ತದಲ್ಲಿ ಚರ್ಮದ ಮೇಲಿನ ಬಿಳಿಯ ಮಚ್ಚೆಗಳನ್ನು ಹೋಗಲಾಡಿಸುವಂತೆ ರಜನೀ ಎಂಬ ಮೂಲಿಕೆಯನ್ನು ಪ್ರಾರ್ಥಿಸಲಾಗಿದೆ. ಅದು ಅರಿಸಿನವೇ ಎಂದು ಕೆಲವು ವಿದ್ವಾಂಸರು ಅರ್ಥೈಸಿರುವರು.

ವೈದ್ಯಗ್ರಂಥಗಳಿಗೆ ಬಂದರೆ ಸಂದೇಹಕ್ಕೆ ಎಡೆಯಿಲ್ಲ. ಚರಕಸಂಹಿತೆಯು ಔಷಧಗಳನ್ನು ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸುತ್ತದೆ. ಚರ್ಮರೋಗಗಳನ್ನು ನಾಶಮಾಡುವ ಕುಷ್ಠಘ್ನವರ್ಗದಲ್ಲಿಯೂ, ವಿಷವನ್ನು ಪರಿಹರಿಸುವ ವಿಷಘ್ನವರ್ಗದಲ್ಲಿಯೂ, ಲೇಖನೀಯವೆಂಬ ವರ್ಗದಲ್ಲಿಯೂ ಅರಿಸಿನ ಸೇರಿದೆ. ಸುಶ್ರುತಸಂಹಿತೆಯಲ್ಲಿ ಅರಿಸಿನವೇ ಮುಂದಾಳಾಗಿರುವ ಹರಿದ್ರಾದಿಗಣವೆಂಬ ಗುಂಪೇ ಉಂಟು. ಆ ಗಣವು ತಾಯಿಯ ಎದೆಹಾಲನ್ನು ಶೋಧಿಸುವುದೆಂದು ಅಲ್ಲಿ ಹೇಳಿದೆ. ನಮ್ಮ ಬಾಣಂತಿಯರ ಅರಿಸಿನಕ್ಕೂ ಈ ಮಾತಿಗೂ ನಂಟಿರುವುದು ವಾಚಕರಿಗೆ ಹೊಳೆಯದೆ ಇರದು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಅರಿಸಿನದ ಗುಣಗಳನ್ನು ಎಣಿಸುವಾಗ, ಚರ್ಮದೋಷ, ಬಾವು, ಪಾಂಡುರೋಗಗಳೊಡನೆ ವ್ರಣವನ್ನೂ, ಎಂದರೆ ಗಾಯವನ್ನೂ, ಅದು ಗುಣಪಡಿಸುವುದೆಂದು ಸ್ಪಷ್ಟವಾಗಿ ನುಡಿದಿರುವನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪ್ರಾಚೀನರು ಕ್ರಿಮಿ ಎಂದುದನ್ನೆಲ್ಲ ಇಂದಿನ ಬ್ಯಾಕ್ಟೀರಿಯ ಎಂದು ಭಾವಿಸಿ, ನಮ್ಮ ಹಿರಿಯರಿಗೆ ಸರ್ವವೂ ತಿಳಿದಿತ್ತೆಂದು ಬೀಗುವವರುಂಟು. ಇದು ಚರಿತ್ರೆಗೆ ಒಪ್ಪುವ ಮಾತಲ್ಲ. ಚರಕನ ಕ್ರಿಮಿಘ್ನವರ್ಗದಲ್ಲಿ ಮೆಣಸು, ವಾಯುವಿಳಂಗ, ಲಕ್ಕಿ ಮೊದಲಾದ ಹತ್ತು ದ್ರವ್ಯಗಳಿವೆ. ಅರಿಸಿನ ಮಾತ್ರ ಆ ಹತ್ತರಲ್ಲಿ ಇಲ್ಲ! ಕಣ್ಣಿಗೆ ಕಾಣದ ಜೀವಿಗಳನ್ನು ಕೊಲ್ಲುತ್ತದೆಂದು ತಿಳಿದು ಅವರು ಅರಿಸಿನವನ್ನು ಗಾಯಕ್ಕೆ ಹಚ್ಚಿದವರಲ್ಲ. ಹಚ್ಚಿದ ಗಾಯ ಬೇಗ ಒಣಗಿತು, ಕೀವು ಕಡಮೆಯಾಯಿತು, ತುರಿಕೆ ಶಮನವಾಯಿತು. ಇದನ್ನು ಅವರು ಕಂಡರು, ಕಂಡುದನ್ನು ಬರೆದಿಟ್ಟರು. ಕಾರಣವನ್ನರಿಯದೆಯೆ ಕಾರ್ಯವನ್ನು ತಪ್ಪದೆ ಗುರುತಿಸಿದುದು ಅವರ ಹಿರಿಮೆ. ಆ ಹಿರಿಮೆಗೆ ಇಲ್ಲದ ಗರಿಯನ್ನು ಮುಡಿಸಬೇಕಾಗಿಲ್ಲ.

ಕನ್ನಡದಲ್ಲಿಯೂ ವೈದ್ಯಸಾಹಿತ್ಯಕ್ಕೆ ಕೊರತೆಯಿರಲಿಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನೇ ವಿಷಯವನ್ನಾಗಿ ಮಾಡಿಕೊಂಡು ಖಗೇಂದ್ರಮಣಿದರ್ಪಣವೆಂಬ ದೊಡ್ಡ ಕಾವ್ಯವನ್ನೇ ರಚಿಸಿದನು. ಅದನ್ನು ಸಂಶೋಧಿಸಿ ಅಚ್ಚು ಹಾಕಿಸಿದುದು ಮದರಾಸು ವಿಶ್ವವಿದ್ಯಾನಿಲಯ ಎಂಬುದು ಗಡಿಯಾಚೆಯ ಕನ್ನಡಿಗರಾದ ನಮಗೆ ನೆನಪಿನಲ್ಲಿಡತಕ್ಕ ಸಂಗತಿ. ದನಕರುಗಳ ರೋಗವನ್ನೂ ಹಾವಿನ ವಿಷವನ್ನೂ ಕುರಿತು ಜನರ ನುಡಿಯಲ್ಲಿಯೇ ಗ್ರಂಥವನ್ನು ಬರೆಯಬೇಕೆಂದು ಅಂದಿನ ವಿದ್ವಾಂಸರು ಬಗೆದರಲ್ಲ, ಆ ಮನೋಧರ್ಮದ ಬೆಲೆ ಈ ಲೇಖನದ ಕೊನೆಗೆ ತಿಳಿದುಬಂದೀತು.

ಪರದೇಶಿಯರ ಕಣ್ಣಿನಲ್ಲಿ

ಪಶ್ಚಿಮದವರಿಗೆ ಅರಿಸಿನ ಮೊದಲು ಕಂಡುದು ಕೇಸರಿಯ ಬಡ ನಂಟನಾಗಿ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ಚೀನದ ದಕ್ಷಿಣ ಭಾಗದಲ್ಲಿ, ಕೇಸರಿಯಲ್ಲದಿದ್ದರೂ ಕೇಸರಿಯಂತೆಯೇ ಉಪಯೋಗಕ್ಕೆ ಬರುವ ಒಂದು ಪದಾರ್ಥವನ್ನು ಕಂಡುದಾಗಿ ಬರೆದಿರುವನು. ಅದು ಅರಿಸಿನವೆಂದೇ ಬಲ್ಲವರ ಅಭಿಪ್ರಾಯ. ೧೫೩೪ರಲ್ಲಿ ಗೋವೆಗೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನು ಈ ದೇಶದ ಔಷಧಗಳನ್ನು ಕುರಿತ ಸಂವಾದಗಳ ಗ್ರಂಥವನ್ನು ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದನು. ಅದರಲ್ಲಿ ಅರಿಸಿನಕ್ಕೆ ‘ನೆಲದ ಕೇಸರಿ’ ಎಂಬರ್ಥದ ಹೆಸರು ಬಂದಿದೆ.

ಮುಂದೆ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಎಂಬವನು ಮಲಬಾರಿನ ಗಿಡಮೂಲಿಕೆಗಳನ್ನು ವರ್ಣಿಸುವ ಹೋರ್ಟಸ್ ಮಲಬಾರಿಕಸ್ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದನು. ೧೬೭೮ರಿಂದ ೧೬೯೩ರವರೆಗೆ ಅದು ಹನ್ನೆರಡು ಸಂಪುಟಗಳಲ್ಲಿ ಹೊರಬಂದಿತು. ಅದಕ್ಕೆ ಮಾಹಿತಿಯನ್ನು ಒದಗಿಸಿದವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ. ಅರಿಸಿನದ ಚಿತ್ರವೂ ವರ್ಣನೆಯೂ ಹನ್ನೊಂದನೆಯ ಸಂಪುಟದಲ್ಲಿವೆ. ೧೭೫೩ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರನ್ನಿಟ್ಟಾಗ ಅರಿಸಿನಕ್ಕೆ ಕುರ್ಕುಮ ಲೋಂಗ ಎಂದು ಕರೆದನು. ಕುರ್ಕುಂ ಎಂಬುದು ಅರಬೀ ಮಾತು. ಕೇಸರಿಯ ನೆನಪು ಹೆಸರಿನಲ್ಲಿಯೂ ಉಳಿದುಕೊಂಡಿತು. ಇಲ್ಲಿಯವರೆಗೆ ಆದುದು ಅರಿಸಿನದ ಹೆಸರು, ಆಕಾರ, ಉಪಯೋಗಗಳ ವಿವರಣೆ. ಅದರ ಒಡಲನ್ನು ಬಗೆದು ನೋಡುವ ಕೆಲಸ ಹತ್ತೊಂಬತ್ತನೆಯ ಶತಮಾನಕ್ಕೆ ಉಳಿಯಿತು.

ಹಳದಿಯ ಒಳಗುಟ್ಟು

೧೮೧೫ರಲ್ಲಿ ವೋಗೆಲ್ ಮತ್ತು ಪೆಲ್ತ್ಯೇ ಎಂಬಿಬ್ಬರು ಅರಿಸಿನದಿಂದ ಹಳದಿಯ ದ್ರವ್ಯವನ್ನು ಬೇರ್ಪಡಿಸಿ ಅದನ್ನು ಕುರ್ಕುಮಿನ್ ಎಂದು ಕರೆದರು. ಅದು ಶುದ್ಧವಾದ ಹರಳುಗಳಾಗಿ ಕೈಗೆ ಬಂದುದು ೧೮೭೦ರಲ್ಲಿ. ಅದರ ಅಣುವಿನ ರಚನೆಯನ್ನು ಮಿಲೋಬೆಂಡ್ಸ್ಕ, ಕೊಸ್ತಾನೆಟ್ಸ್ಕಿ, ಲಾಂಪೆ ಎಂಬ ವಿಜ್ಞಾನಿಗಳು ೧೯೧೦ರಲ್ಲಿ ತಿಳಿಸಿದರು. ೧೯೧೩ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ಕೃತಕವಾಗಿ ತಯಾರಿಸಿದುದೂ ಆಯಿತು. ಹಳದಿಯ ದ್ರವ್ಯ ಒಂದಲ್ಲ, ಒಂದನ್ನೊಂದು ಹೋಲುವ ಹಲವು ದ್ರವ್ಯಗಳ ಕೂಟವೆಂದು ೧೯೫೩ರಲ್ಲಿ ತೋರಿಸಿಕೊಟ್ಟವರು ಶ್ರೀನಿವಾಸನ್ ಎಂಬ ನಮ್ಮ ದೇಶದ ವಿಜ್ಞಾನಿ.

ಈ ದ್ರವ್ಯದ ಸ್ವಭಾವವನ್ನು ನಮ್ಮ ಹೆಂಗಸರು ರಸಾಯನಶಾಸ್ತ್ರವನ್ನು ಓದದೆಯೇ ಬಲ್ಲರು. ಅರಿಸಿನದ ಪುಡಿ ನೀರಿನಲ್ಲಿ ಕರಗದೆ ತಳಕ್ಕಿಳಿಯುತ್ತದೆ. ಎಣ್ಣೆಯಲ್ಲಿಯಾದರೆ ಬಣ್ಣ ಬಿಡುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆ; ಆರತಿಯ ನೀರಿನ ಕೆಂಪೂ, ಮನೆಯಲ್ಲಿ ಮಾಡುವ ಕುಂಕುಮದ ಕೆಂಪೂ ಇದರಿಂದಲೇ. ಅರಿಸಿನದ ಕಲೆಗೆ ಸೋಪು ಹಚ್ಚಿದರೆ ಅದು ಕೆಂಪೇರುವುದೂ, ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಕಲೆ ಮಾಸುವುದೂ ಎಲ್ಲರೂ ಕಂಡುದೇ. ಕುರ್ಕುಮಿನ್ ನೀರಿಗೆ ಒಗ್ಗದು, ಕ್ಷಾರದಲ್ಲಿ ಬಹುಬೇಗ ಒಡೆದುಹೋಗುವುದು, ಬೆಳಕನ್ನು ತಾಳದು. ಈ ಮೂರು ಗುಣಗಳನ್ನು ವಾಚಕರು ನೆನಪಿಡಬೇಕು. ಅರಿಸಿನದ ಔಷಧಗುಣದ ಶಕ್ತಿಯೂ ಮಿತಿಯೂ ಇವುಗಳಲ್ಲಿಯೇ ಅಡಗಿವೆ.

ಅರಿಸಿನವೆಂದರೆ ಕುರ್ಕುಮಿನ್ ಮಾತ್ರವಲ್ಲ. ಒಣಗಿದ ಕೊಂಬಿನಲ್ಲಿ ಕುರ್ಕುಮಿನ್ ವರ್ಗದ ದ್ರವ್ಯಗಳು ಸಾಮಾನ್ಯವಾಗಿ ನೂರಕ್ಕೆ ೨ರಿಂದ ೫ ಪಾಲು; ಅದಕ್ಕೆ ಅದರದೇ ಆದ ಕಂಪನ್ನು ಕೊಡುವ ಸುಗಂಧತೈಲ ಬೇರೆಯೇ ಇದೆ. ಆ ತೈಲದಲ್ಲಿ ಟರ್ಮರೋನ್ ಎಂಬ ಹೆಸರಿನ ದ್ರವ್ಯಗಳು ಮುಖ್ಯವಾದವು. ಆದುದರಿಂದ ನೀರಿನಲ್ಲಿ ತೆಗೆದ ಕಷಾಯ, ಮದ್ಯಸಾರದಲ್ಲಿ ತೆಗೆದ ಸಾರ, ಬಟ್ಟಿಯಿಳಿಸಿದ ತೈಲ ಇವು ಒಂದೇ ಗಡ್ಡೆಯಿಂದ ಬಂದರೂ ಒಂದೇ ವಸ್ತುವಲ್ಲ.

ರೋಗಾಣುವಿನ ಎದುರಿನಲ್ಲಿ

ಇತ್ತ ಯುರೋಪಿನಲ್ಲಿ ಗಾಯ ಕೀವುಗಟ್ಟುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣವೆಂಬ ಅರಿವು ಮೂಡುತ್ತಿದ್ದಿತು. ಪಾಸ್ತರನ ಸಂಶೋಧನೆಗಳಿಂದ ಪ್ರೇರಿತನಾದ ಲಿಸ್ಟರನು ೧೮೬೭ರಲ್ಲಿ, ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ಶುದ್ಧಿಮಾಡುವ ಕ್ರಮವನ್ನು ಪ್ರಕಟಿಸಿದನು. ೧೮೮೨ರಲ್ಲಿ ಕಾಖ್ ಎಂಬ ಜರ್ಮನ್ ವೈದ್ಯನು ಕ್ಷಯರೋಗದ ಬ್ಯಾಕ್ಟೀರಿಯವನ್ನು ಕಂಡುಹಿಡಿದನು. ೧೯೨೮ರಲ್ಲಿ ಫ್ಲೆಮಿಂಗನಿಗೆ ಪೆನಿಸಿಲಿನ್ ದೊರೆಯಿತು. ಒಂದು ವಸ್ತು ರೋಗಾಣುವನ್ನು ಕೊಲ್ಲುವುದೋ ಇಲ್ಲವೋ ಎಂಬುದನ್ನು ಗಾಜಿನ ತಟ್ಟೆಯಲ್ಲಿ ಪರೀಕ್ಷಿಸುವ ಕ್ರಮ ಬಳಕೆಗೆ ಬಂದಿತು.

ಈ ಪರೀಕ್ಷೆಗೆ ಕುರ್ಕುಮಿನ್ ನಿಂತುದು ೧೯೪೯ರಲ್ಲಿ. ಷ್ರಾಫ್‌ಷ್ಟೆಟರ್ ಮತ್ತು ಬೆರ್ನ್ಟ್ ಎಂಬಿಬ್ಬರು ನೇಚರ್ ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ಗಾಯದಲ್ಲಿ ಕೀವನ್ನುಂಟುಮಾಡುವ ಸ್ಟಾಫಿಲೋಕಾಕಸ್, ಕರುಳಿನ ಜ್ವರವನ್ನು ತರುವ ಒಂದು ಜಾತಿಯ ಸಾಲ್ಮೊನೆಲ್ಲ, ಕ್ಷಯದ ಬ್ಯಾಕ್ಟೀರಿಯ, ಹುಳುಕಡ್ಡಿಯನ್ನು ತರುವ ಬೂಷ್ಟು ಇವುಗಳ ಬೆಳವಣಿಗೆಯನ್ನು ಕುರ್ಕುಮಿನ್ ತಡೆಯುವುದೆಂದು ಅವರು ತಿಳಿಸಿದರು. ಆದರೆ ಅದು ಪೆನಿಸಿಲಿನ್ನೂ ಸ್ಟ್ರೆಪ್ಟೊಮೈಸಿನ್ನೂ ಲೋಕವನ್ನು ಬೆರಗುಗೊಳಿಸುತ್ತಿದ್ದ ಕಾಲ. ಸೂರ್ಯೋದಯದ ಹೊತ್ತಿನಲ್ಲಿ ಹಣತೆಯನ್ನು ನೋಡುವವರಾರು? ಅರಿಸಿನದ ಈ ಗುಣ ಹಲವು ವರ್ಷ ಹೆಚ್ಚಿನ ಗಮನವನ್ನು ಸೆಳೆಯಲಿಲ್ಲ.

ಈ ಕೆಲಸವನ್ನು ಮುಂದುವರಿಸಿದುದರಲ್ಲಿ ಮೈಸೂರಿನ ಪಾಲು ದೊಡ್ಡದು. ಅಲ್ಲಿಯ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಭವಾನಿಶಂಕರ್ ಮತ್ತು ಶ್ರೀನಿವಾಸಮೂರ್ತಿಯವರು ಅರಿಸಿನವನ್ನು ಬೇರೆ ಬೇರೆ ಅಂಶಗಳಾಗಿ ವಿಂಗಡಿಸಿ, ಕರುಳಿನಲ್ಲಿ ವಾಸಿಸುವ ಮತ್ತು ರೋಗವನ್ನುಂಟುಮಾಡುವ ಬ್ಯಾಕ್ಟೀರಿಯಗಳ ಮೇಲೆ ಅವು ಬೀರುವ ಪರಿಣಾಮವನ್ನು ೧೯೭೯ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ನೇಗಿ, ಜಯಪ್ರಕಾಶ, ಜಗನ್ಮೋಹನ ರಾವ್, ಸಕರಯ್ಯ ಎಂಬವರು ೧೯೯೯ರಲ್ಲಿ ಇನ್ನೊಂದು ಉಪಯುಕ್ತವಾದ ಸಂಗತಿಯನ್ನು ಹೊರಗೆಡಹಿದರು. ಕುರ್ಕುಮಿನ್ ತಯಾರಿಸಿದ ಮೇಲೆ ಉಳಿಯುವ ದ್ರವವನ್ನು ಹೆಕ್ಸೇನ್ ಎಂಬ ದ್ರಾವಕದಿಂದ ಸಂಸ್ಕರಿಸಿ ಅವರು ಅರಿಸಿನದ ತೈಲವನ್ನು ಪಡೆದರು. ಅದನ್ನು ಅಂಶಗಳಾಗಿ ಬೇರ್ಪಡಿಸಿ, ಹಳಸಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಮೊದಲಾದವುಗಳ ಮೇಲೂ, ಸ್ಟಾಫಿಲೋಕಾಕಸ್, ಎಷೆರೀಷಿಯ ಕೋಲಿ, ಸ್ಯೂಡೊಮೋನಾಸ್‌ಗಳ ಮೇಲೂ ಪ್ರಯೋಗಿಸಿದರು. ಆ ಅಂಶಗಳಿಗೆ ರೋಗಾಣುನಿರೋಧಕ ಶಕ್ತಿಯಿರುವುದು ಸಿದ್ಧಪಟ್ಟಿತು. ಕಸವೆಂದು ಬಿಟ್ಟುದರಲ್ಲಿಯೂ ರಸವಿದೆಯೆಂಬ ಈ ಮಾತು ಬೆಳೆಗಾರನಿಗೆ ಹಿತವಾದುದು.

ಅರಿಸಿನ ರೋಗಾಣುವನ್ನು ತಡೆಯುವ ಬಗೆ ಯಾವುದು? ಬ್ಯಾಕ್ಟೀರಿಯ ಎರಡಾಗಿ ಸೀಳಿ ಬೆಳೆಯುವ ಜೀವಿ. ಸೀಳುವ ಮೊದಲು ಅದರ ನಡುವಿನಲ್ಲಿ ಒಂದು ಪ್ರೋಟೀನಿನ ಉಂಗುರ ಏರ್ಪಡುತ್ತದೆ. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಕುರ್ಕುಮಿನ್ ಈ ಉಂಗುರ ಕೂಡಿಕೊಳ್ಳದಂತೆ ಮಾಡುವುದೆಂದು ೨೦೦೮ರಲ್ಲಿ ತೋರಿಸಿದರು. ಉಂಗುರವಿಲ್ಲದೆ ವಿಭಾಗವಿಲ್ಲ, ವಿಭಾಗವಿಲ್ಲದೆ ಸಂತಾನವಿಲ್ಲ. ೨೦೧೫ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯ ಪ್ರಕಾರ ಅದು ಬ್ಯಾಕ್ಟೀರಿಯದ ಹೊರಪೊರೆಯನ್ನೇ ಜಖಂಗೊಳಿಸುತ್ತದೆ. ಬೆಳಕು ಬಿದ್ದಾಗ ಕುರ್ಕುಮಿನ್ ರೋಗಾಣುಗಳನ್ನು ಇನ್ನೂ ತೀವ್ರವಾಗಿ ಕೊಲ್ಲುವುದೆಂದು ೧೯೮೯ರಲ್ಲಿಯೇ ಕಂಡುಬಂದಿದ್ದಿತು. ಆದರೆ ಎಲ್ಲ ಬ್ಯಾಕ್ಟೀರಿಯಗಳೂ ಅದಕ್ಕೆ ಸಮಾನವಾಗಿ ಮಣಿಯುವುದಿಲ್ಲ. ೧೮೮೪ರಲ್ಲಿ ಗ್ರಾಂ ಎಂಬ ಡೆನ್ಮಾರ್ಕಿನ ವಿಜ್ಞಾನಿ ಬಣ್ಣ ಹಾಕಿ ಬ್ಯಾಕ್ಟೀರಿಯಗಳನ್ನು ಎರಡು ಪಂಗಡ ಮಾಡುವ ಕ್ರಮವನ್ನು ತಿಳಿಸಿದನಷ್ಟೆ. ಅವುಗಳಲ್ಲಿ ಒಂದು ಪಂಗಡಕ್ಕೆ ಮೈಮೇಲೆ ಇನ್ನೊಂದು ಪೊರೆ ಹೆಚ್ಚಾಗಿ ಉಂಟು. ಎರಡು ಕೋಟೆಯಿರುವ ಊರನ್ನು ಗೆಲ್ಲುವುದು ಹೇಗೆ ಕಷ್ಟವೋ ಹಾಗೆಯೇ ಅವನ್ನು ತಡೆಯುವುದೂ ಅರಿಸಿನಕ್ಕೆ ಸಾಮಾನ್ಯವಾಗಿ ಕಷ್ಟ.

ಗಾಜಿನ ತಟ್ಟೆಯೂ ಮನುಷ್ಯನ ಮೈಯೂ

ಇಷ್ಟನ್ನು ಓದಿದವರು, ಇನ್ನು ವೈದ್ಯರ ಔಷಧವೇಕೆ, ಅರಿಸಿನದ ಡಬ್ಬಿಯೇ ಸಾಕಲ್ಲ ಎಂದಾರು. ಹಾಗೆನ್ನುವಂತಿಲ್ಲ. ಗಾಜಿನ ತಟ್ಟೆಯಲ್ಲಿ ಗೆದ್ದುದೆಲ್ಲ ಮನುಷ್ಯನ ಮೈಯಲ್ಲಿ ಗೆಲ್ಲುವುದಿಲ್ಲ. ನಾವು ಉಂಡ ಕುರ್ಕುಮಿನ್ ರಕ್ತವನ್ನು ಸೇರುವುದು ಅತ್ಯಲ್ಪ. ೧೯೯೮ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಂಶೋಧನೆ, ಮೆಣಸಿನ ಸತ್ತ್ವವಾದ ಪೈಪರಿನ್ ಜೊತೆಗಿದ್ದರೆ ಅದು ರಕ್ತಕ್ಕೆ ದೊರೆಯುವ ಪ್ರಮಾಣ ಮನುಷ್ಯರಲ್ಲಿ ಸುಮಾರು ೨೦ ಮಡಿ ಹೆಚ್ಚುವುದೆಂದು ತೋರಿಸಿತು. ನೆಗಡಿಯಾದಾಗ ಕಾಯಿಸಿದ ಹಾಲಿಗೆ ಅರಿಸಿನದೊಡನೆ ಮೆಣಸನ್ನೂ ಕುಟ್ಟಿ ಹಾಕುವ ಅಜ್ಜಿಯರಿಗೆ ಈ ಸುದ್ದಿ ಸಂತೋಷವನ್ನು ತಂದೀತು. ಆದರೆ ಅತ್ಯಲ್ಪದ ೨೦ ಮಡಿಯೂ ಅಲ್ಪವೇ. ೨೦೧೭ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು, ಅದುವರೆಗೆ ನಡೆದ ಸಂಶೋಧನೆಗಳನ್ನೆಲ್ಲ ಒರೆಗೆ ಹಚ್ಚಿ, ಕುರ್ಕುಮಿನ್ ಬೇಗ ಕೆಡುವ ವಸ್ತು, ಪರೀಕ್ಷೆಗಳಲ್ಲಿ ಇಲ್ಲದ ಗುಣವನ್ನು ಇರುವಂತೆ ತೋರಿಸಿ ವಂಚಿಸಬಲ್ಲ ವಸ್ತು ಎಂದು ಎಚ್ಚರಿಸಿದರು. ಈ ಟೀಕೆಯನ್ನು ನಾವು ಅವಮಾನವೆಂದು ತಿಳಿಯಬಾರದು. ಚಿನ್ನವನ್ನು ಒರೆಗಲ್ಲಿಗೆ ಉಜ್ಜುವುದು ಚಿನ್ನದ ಮೇಲಣ ದ್ವೇಷದಿಂದಲ್ಲ.

ಚರ್ಮದ ಮೇಲೆ ಹಚ್ಚುವಾಗ ರಕ್ತವನ್ನು ಸೇರುವ ಈ ತೊಡಕಿಲ್ಲ; ಅರಿಸಿನದ ಕೀರ್ತಿ ಹೆಚ್ಚಾಗಿ ಹೊರಲೇಪಕ್ಕೆ ಸೇರಿದ್ದೆಂಬುದು ಇಲ್ಲಿ ಗಮನಾರ್ಹ. ಬೇವನ್ನೂ ಅರಿಸಿನವನ್ನೂ ಅರೆದು ಹಚ್ಚಿ ೮೧೪ ಮಂದಿಯ ಕಜ್ಜಿಗೆ ಚಿಕಿತ್ಸೆ ಮಾಡಿದ ವರದಿಯೊಂದು ೧೯೯೨ರಲ್ಲಿ ಪ್ರಕಟವಾಯಿತು. ನೂರಕ್ಕೆ ೯೭ ಮಂದಿಗೆ ೩ರಿಂದ ೧೫ ದಿನಗಳೊಳಗೆ ಗುಣವಾಯಿತೆಂದು ಅದು ಹೇಳುತ್ತದೆ. ಕಜ್ಜಿಯನ್ನು ತರುವುದು ಬ್ಯಾಕ್ಟೀರಿಯವಲ್ಲ, ಒಂದು ಸಣ್ಣ ನುಸಿ. ಬೇವಿನ ಪಾಲೆಷ್ಟು, ಅರಿಸಿನದ ಪಾಲೆಷ್ಟು ಎಂಬುದೂ ಆ ಚಿಕಿತ್ಸೆಯಿಂದ ಗೊತ್ತಾಗುವುದಿಲ್ಲ. ಮಾರಿಹಬ್ಬದ ಬೇವು-ಅರಿಸಿನಗಳ ಜೊತೆ ಬರಿಯ ಆಚಾರವಲ್ಲವೆಂದಷ್ಟು ಮಾತ್ರ ಅದರಿಂದ ಹೇಳಬಹುದು.

ತಾಯಂದಿರಲ್ಲಿ ನಮ್ಮದೊಂದು ವಿಶೇಷ ವಿಜ್ಞಾಪನೆ. ಅರಿಸಿನ ನೆಲದೊಳಗೆ ಬೆಳೆಯುವ ಗಡ್ಡೆ. ಬೇಯಿಸಿ ಒಣಗಿಸಿದರೂ ಅಂಗಡಿಯ ಪುಡಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಗಳ ಬೀಜಕಣಗಳು ಉಳಿದಿರಬಹುದು. ರೋಗಾಣುವನ್ನು ತಡೆಯುವ ವಸ್ತುವೇ ರೋಗಾಣುವಿಗೆ ವಾಹನವೂ ಆಗಬಹುದು. ಆದುದರಿಂದ ಎಳೆಗೂಸಿನ ಹೊಕ್ಕುಳಿಗೆ ಅರಿಸಿನವನ್ನಾಗಲಿ ಬೂದಿಯನ್ನಾಗಲಿ ಹಚ್ಚದೆ ಶುಚಿಯಾಗಿ ಒಣಗಲು ಬಿಡಬೇಕೆಂಬುದು ಇಂದಿನ ವೈದ್ಯರ ಬುದ್ಧಿವಾದ. ಆಳವಾದ ಗಾಯ, ತುಕ್ಕು ಹಿಡಿದ ಕಬ್ಬಿಣ ತಾಗಿದ ಗಾಯ, ನಾಯಿ ಕಚ್ಚಿದ ಗಾಯ ಇವುಗಳನ್ನು ನೀರಿನಿಂದಲೂ ಸೋಪಿನಿಂದಲೂ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಧಾವಿಸಬೇಕು. ಧನುರ್ವಾಯುವಿಗೂ ಹುಚ್ಚುನಾಯಿಯ ವಿಷಕ್ಕೂ ಅರಿಸಿನ ಮದ್ದಲ್ಲ. ಬಣ್ಣ ಹೊಳೆಯಲೆಂದು ಅರಿಸಿನಕ್ಕೆ ಸೀಸದ ಕ್ರೋಮೇಟ್ ಎಂಬ ವಿಷದ್ರವ್ಯವನ್ನು ಹಚ್ಚುವ ವಂಚನೆ ಬಾಂಗ್ಲಾದೇಶದಲ್ಲಿ ಪತ್ತೆಯಾದುದು ೨೦೧೯ರಲ್ಲಿ ವರದಿಯಾಯಿತು. ಅತಿಯಾಗಿ ಹೊಳೆಯುವ ಅರಿಸಿನವನ್ನು ಕಂಡು ಮರುಳಾಗದೆ, ಗೊತ್ತಿದ್ದ ಹೊಲದ ಕೊಂಬನ್ನು ತಂದು ಮನೆಯಲ್ಲಿ ಕುಟ್ಟಿಸಿಕೊಳ್ಳುವುದು ಲೇಸು.

ನ್ಯಾಯದ ತಕ್ಕಡಿಯಲ್ಲಿ ಅರಿಸಿನ

ಅರಿಸಿನದ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ಅಧ್ಯಾಯ ಇನ್ನು ಮುಂದಿನದು. ೧೯೯೫ನೆಯ ಮಾರ್ಚಿಯಲ್ಲಿ ಅಮೆರಿಕದ ಪೇಟೆಂಟ್ ಕಚೇರಿ, ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೇಂದ್ರಕ್ಕೆ ಸೇರಿದ ಇಬ್ಬರು ಸಂಶೋಧಕರ ಹೆಸರಿನಲ್ಲಿ, ಗಾಯವನ್ನು ಮಾಯಿಸಲು ಅರಿಸಿನದ ಪುಡಿಯನ್ನು ಉಪಯೋಗಿಸುವ ವಿಧಾನಕ್ಕೆ ಏಕಸ್ವಾಮ್ಯದ ಹಕ್ಕನ್ನು ಕೊಟ್ಟಿತು. ಆ ಇಬ್ಬರೂ ಭಾರತೀಯ ಮೂಲದವರು. ನಮ್ಮ ಅಜ್ಜಿಯರ ಡಬ್ಬಿಯೊಳಗಿನ ವಿದ್ಯೆ ಆ ದೇಶದಲ್ಲಿ ಹೊಸ ಸಂಶೋಧನೆ ಎನಿಸಿಕೊಂಡಿತು!

ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತು ಸುಮ್ಮನಿರಲಿಲ್ಲ. ಅದರ ಮುಖ್ಯಸ್ಥರಾಗಿದ್ದ ಮಾಶೇಲ್ಕರರ ನೇತೃತ್ವದಲ್ಲಿ ೧೯೯೬ರಲ್ಲಿ ಪೇಟೆಂಟನ್ನು ಮರುಪರಿಶೀಲಿಸಬೇಕೆಂದು ಅರ್ಜಿ ಹೋಯಿತು. ಇಲ್ಲಿ ಒಂದು ತೊಡಕಿತ್ತು. ಅಂದಿನ ಅಮೆರಿಕದ ಕಾಯಿದೆಯ ಪ್ರಕಾರ, ಪರದೇಶದಲ್ಲಿ ಒಂದು ವಿದ್ಯೆ ಕೋಟ್ಯಂತರ ಜನರ ಬಳಕೆಯಲ್ಲಿದ್ದರೂ ಬರಿಯ ಬಳಕೆ ಸಾಕ್ಷ್ಯವಾಗದು. ಅದು ಲಿಖಿತರೂಪದಲ್ಲಿ ಪ್ರಕಟವಾಗಿರಬೇಕು. ಪ್ರತಿಯೊಂದು ಮನೆಯಲ್ಲಿಯೂ ಇರುವ ಸತ್ಯಕ್ಕೆ ಕಾಗದದ ಆಧಾರ ಬೇಕಾಯಿತು. ಪರಿಷತ್ತಿನವರು ಸಂಸ್ಕೃತ, ಹಿಂದಿ, ಉರ್ದು ಮೊದಲಾದ ಭಾಷೆಗಳಿಂದ ೩೨ ಆಧಾರಗಳನ್ನು ಕಲೆಹಾಕಿದರು; ಪ್ರಾಚೀನ ವೈದ್ಯಗ್ರಂಥಗಳೊಡನೆ ೧೯೫೩ರಲ್ಲಿ ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ ಬಂದ ಲೇಖನವೂ ಅವುಗಳಲ್ಲಿತ್ತು. ೧೯೯೭ನೆಯ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿ ಆ ಹಕ್ಕಿನ ಬೇಡಿಕೆಗಳನ್ನು ತಳ್ಳಿಹಾಕಿತು. ೧೯೯೮ರಲ್ಲಿ ವ್ಯವಹಾರ ಪೂರ್ತಿಯಾಗಿ ಮುಗಿಯಿತು.

ಈ ಅನುಭವದ ಫಲವಾಗಿ ೨೦೦೧ರಲ್ಲಿ ಪಾರಂಪರಿಕ ಜ್ಞಾನದ ಗಣಕ ಭಂಡಾರವೊಂದು ಭಾರತದಲ್ಲಿ ಆರಂಭವಾಯಿತು. ಆಯುರ್ವೇದ, ಯುನಾನಿ, ಸಿದ್ಧ ವೈದ್ಯಪದ್ಧತಿಗಳ ಗ್ರಂಥಗಳನ್ನು ಸಂಸ್ಕೃತ, ಹಿಂದಿ, ಅರಬಿ, ಪಾರಸಿ, ಉರ್ದು, ತಮಿಳು ಭಾಷೆಗಳಿಂದ ಎತ್ತಿಕೊಂಡು ಲೋಕದ ಮುಖ್ಯ ಪೇಟೆಂಟ್ ಕಚೇರಿಗಳಿಗೆ ತಿಳಿಯುವ ಭಾಷೆಗಳಲ್ಲಿ ಅಳವಡಿಸಿದರು. ಈ ಹೆಸರುಗಳ ನಡುವೆ ಕನ್ನಡವನ್ನು ಹುಡುಕುವ ಕಣ್ಣಿಗೆ ನಿರಾಸೆಯಾಗುವುದು ಸಹಜ. ಆದರೆ ನಿರಾಸೆಯಿಂದ ಪ್ರಯೋಜನವೇನು? ಸಿದ್ಧರ ತಮಿಳು ಗ್ರಂಥಗಳು ಅಲ್ಲಿ ಸೇರಿದುದು ಅವು ಬರೆಹದಲ್ಲಿ ಉಳಿದು, ಅಚ್ಚಾಗಿ, ಓದುವವರ ಕೈಯಲ್ಲಿದ್ದುದರಿಂದ. ಮಂಗರಾಜನೂ ಕೀರ್ತಿವರ್ಮನೂ ಮಾಡಿದುದು ಅದೇ ಕೆಲಸ. ಆ ದಾರಿಯಲ್ಲಿ ಮುಂದಿನ ಹೆಜ್ಜೆಯನ್ನು ಇಡಬೇಕಾದವರು ನಾವು.

ನಮ್ಮ ಕರ್ತವ್ಯ

ಈರೋಡಿನ ಅರಿಸಿನಕ್ಕೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಜತ್ತ ಸೀಮೆಯ ಕನ್ನಡಿಗರಿಗೆ ಹತ್ತಿರದ ಸಾಂಗಲಿಯ ಅರಿಸಿನಕ್ಕೆ ಅದಕ್ಕೂ ಒಂದು ವರ್ಷ ಮೊದಲೇ ಆ ಮನ್ನಣೆ ಸಂದಿತ್ತು. ಗಡ್ಡೆಗೆ ಹೆಸರು ಬಂದಿತು. ಗಡ್ಡೆಯನ್ನು ಕುರಿತ ತಿಳಿವಿಗೆ ನಮ್ಮ ನುಡಿಯಲ್ಲಿ ಹೆಸರು ಬರಬೇಡವೆ? ನಮ್ಮ ಸೀಮೆಯ ಮುದುಕಿಯರು ಅರಿಸಿನವನ್ನು ಯಾವ ಗಾಯಕ್ಕೆ ಯಾವ ಎಣ್ಣೆಯಲ್ಲಿ ಕಲಸುವರು, ದನದ ಕಾಲುಬೇನೆಗೆ ಯಾವ ಸೊಪ್ಪಿನೊಡನೆ ಅರೆಯುವರು, ಬಾಣಂತಿಗೆ ಎಷ್ಟು ದಿನ ಕೊಡುವರು ಎಂಬುದು ಅವರ ನಾಲಗೆಯಲ್ಲಿದೆ. ಅವರ ಮೊಮ್ಮಕ್ಕಳು ಪಟ್ಟಣಗಳಿಗೆ ಹೋಗಿ ಬೇರೆ ನುಡಿಗಳಲ್ಲಿ ಓದುತ್ತಿರುವರು. ಅಜ್ಜಿಯ ಮಾತನ್ನು ಮೊಮ್ಮಗಳು ಅರಿಯದಾದ ದಿನ, ಆ ವಿದ್ಯೆಯನ್ನು ಕದಿಯಲು ಕಳ್ಳನೇ ಬೇಕಾಗುವುದಿಲ್ಲ. ಅದು ತಾನಾಗಿಯೇ ಮಣ್ಣುಗೂಡುವುದು.

ಆದುದರಿಂದ ನಮ್ಮ ಸಂಘದ ವಾಚಕರಲ್ಲಿಯೂ ಶಾಲೆಯ ವಿದ್ಯಾರ್ಥಿಗಳಲ್ಲಿಯೂ ನಾವು ಬೇಡುವುದಿಷ್ಟು: ಬೇಸಗೆಯ ರಜೆಯಲ್ಲಿ ಒಂದು ಪುಸ್ತಕವನ್ನು ಹಿಡಿದು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಕನ್ನಡದಲ್ಲಿ ಬರೆದುಕೊಳ್ಳಿರಿ. ಊರಿನ ಹೆಸರು, ಬರೆದ ದಿನಾಂಕ, ಬಳಸುವ ಅಳತೆ ಇವುಗಳನ್ನು ಮರೆಯದಿರಿ. ಅದು ನಿಜವೋ ಸುಳ್ಳೋ ಎಂಬ ತೀರ್ಪನ್ನು ನೀವು ಕೊಡಬೇಕಾಗಿಲ್ಲ. ಅದನ್ನು ಪ್ರಯೋಗಶಾಲೆ ಕೊಡಲಿ. ಚರಕನು ಕಂಡುದನ್ನು ಬರೆದಿಟ್ಟುದರಿಂದ ಇಂದಿನವರು ಪರೀಕ್ಷಿಸಲು ಸಾಧ್ಯವಾಯಿತು; ಬರೆಹವಿದ್ದುದರಿಂದಲೇ ಪೇಟೆಂಟಿನ ವಾದದಲ್ಲಿ ಗೆಲ್ಲಲು ಸಾಧ್ಯವಾಯಿತು. ಆ ೩೨ ಕಾಗದಗಳ ಪಾಠ ಇದು. ಹೀಗೆ ಸಂಗ್ರಹವಾದುದನ್ನು ಸಂಘವು ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಒಂದು ಚಿಕ್ಕ ಪುಸ್ತಕವನ್ನಾಗಿ ಅಚ್ಚು ಹಾಕಿಸಿದರೆ, ನಮ್ಮ ಸೀಮೆಯ ಅರಿಸಿನದೊಡನೆ ನಮ್ಮ ಸೀಮೆಯ ಕನ್ನಡವೂ ಬಾಳೀತು.